ಹಾರಿಹೋದ ಡ್ರೋನ್, ಕೈಗೆಟುಕದ ವಾರಂಟಿ

ಕಾಲಜ್ಞಾನದ ವಚನಗಳಿಂದಾಗಿ ನಾಡಿಗೆಲ್ಲ ಪರಿಚಿತವಾದ ಊರು ಕೊಡೇಕಲ್. ಬಸವಣ್ಣನವರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಈ ಊರು ಹಿಂದೆ ಸುರಪುರ ತಾಲ್ಲೂಕಿನಲ್ಲಿತ್ತು. ಈಗ ಯಾದಗಿರಿ ಜಿಲ್ಲೆಯ ಹುಣಸಗಿ ತಾಲ್ಲೂಕಿಗೆ ಸೇರಿದೆ. ಸುತ್ತಲೂ ಬಂಡೆಗಲ್ಲಿನ ಗುಡ್ಡಗಳು, ನಾರಾಯಣಪುರ ಜಲಾಶಯದ ಕಾಲುವೆ ನೀರು ಹರಿದಲ್ಲಿ ಭತ್ತ, ಹರಿಯದಲ್ಲಿ ತೊಗರಿ. ಈ ನೆಲವನ್ನು ಮೇಲಿನಿಂದ ನೋಡಬೇಕೆಂಬ ಆಸೆಯಿಂದ ಎರಡು ವರ್ಷದ ಉಳಿತಾಯ ಕೂಡಿಸಿ ನಾನೊಂದು ಪುಟ್ಟ ಡ್ರೋನ್ ಕೊಂಡಿದ್ದೆ. ವ್ಯಾಪಾರಕ್ಕಲ್ಲ, ಮದುವೆಯ ಚಿತ್ರೀಕರಣಕ್ಕೂ ಅಲ್ಲ, ಕೇವಲ ಹವ್ಯಾಸಕ್ಕೆ. ಕಳೆದ ಬೇಸಿಗೆಯ ಒಂದು ಬೆಳಗ್ಗೆ ಅದು ಹಾರಿಹೋಯಿತು, ಮರಳಿ ಬರಲಿಲ್ಲ.

ನಡೆದದ್ದು ಇಷ್ಟೇ. ಅಣೆಕಟ್ಟೆಯಿಂದ ದೂರವಿರುವ, ಕಟಾವು ಮುಗಿದ ತೊಗರಿ ಹೊಲದಲ್ಲಿ ನಿಂತು, ಆ ಪ್ರದೇಶದಲ್ಲಿ ಹಾರಾಟಕ್ಕೆ ನಿರ್ಬಂಧವಿಲ್ಲವೆಂದು ನಕ್ಷೆಯಲ್ಲಿ ಖಚಿತಪಡಿಸಿಕೊಂಡು, ಡ್ರೋನನ್ನು ಮೇಲಕ್ಕೇರಿಸಿದೆ. ಏಳೆಂಟು ನಿಮಿಷಗಳ ನಂತರ ಫೋನಿನ ಪರದೆಯ ಮೇಲೆ ದಿಕ್ಸೂಚಿಯ ದೋಷವೆಂಬ ಎಚ್ಚರಿಕೆ ಮೂಡಿತು. 'ಮನೆಗೆ ಮರಳು' ಎಂಬ ಗುಂಡಿಯನ್ನು ಒತ್ತಿದೆ. ಡ್ರೋನ್ ಮರಳುವ ಬದಲು ಓರೆಯಾಗಿ ನದಿಯ ಕಡೆಗೆ ಸಾಗಿತು, ಬಳಿಕ ಸಂಪರ್ಕ ಕಡಿದುಹೋಯಿತು. ಪರದೆ ತೋರಿಸಿದ ಕೊನೆಯ ಸ್ಥಳದ ಸುತ್ತ ಬಂಡೆಗಳ ಸಂದಿಯಲ್ಲಿ, ಬಳ್ಳಾರಿ ಜಾಲಿಯ ಪೊದೆಗಳಲ್ಲಿ ಎರಡು ದಿನ ಹುಡುಕಿದ್ದಾಯಿತು. ಕುರಿ ಕಾಯುವ ಹುಡುಗರೂ ಜೊತೆಗೂಡಿದರು. ಏನೂ ಸಿಗಲಿಲ್ಲ.

ಖರೀದಿಸಿ ಇನ್ನೂ ಐದು ತಿಂಗಳಾಗಿರಲಿಲ್ಲ. ವಾರಂಟಿ ಒಂದು ವರ್ಷದ್ದು. ಹೀಗಾಗಿ ಮಾರಾಟಗಾರರಿಗೆ ದೂರು ಬರೆದೆ. ಮೊದಲ ಉತ್ತರ ಬಂತು: ದೋಷಯುಕ್ತ ಸಾಧನವನ್ನು ಸೇವಾ ಕೇಂದ್ರಕ್ಕೆ ಕಳುಹಿಸಿರಿ, ಪರೀಕ್ಷಿಸಿ ತಿಳಿಸುತ್ತೇವೆ. ಸಾಧನವೇ ಇಲ್ಲ, ಅದು ಕಳೆದುಹೋಗಿರುವುದೇ ದೂರು ಎಂದು ಮತ್ತೆ ಬರೆದೆ. ಹಾಗಾದರೆ ಹಾರಾಟದ ದಾಖಲೆಯನ್ನು ಕಳುಹಿಸಿರಿ ಎಂದರು. ಕಳುಹಿಸಿದೆ. ಮೂರು ವಾರಗಳ ಬಳಿಕ ಬಂದ ಅಂತಿಮ ಉತ್ತರದಲ್ಲಿ ಎರಡು ವಾಕ್ಯಗಳಿದ್ದವು: ವಾತಾವರಣದ ಉಷ್ಣತೆ ನಿಗದಿತ ಮಿತಿಯನ್ನು ಮೀರಿದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ, ಹೊಸ ಡ್ರೋನ್ ಕೊಳ್ಳುವುದಾದರೆ ರಿಯಾಯಿತಿ ನೀಡಲಾಗುವುದು. ದಿಕ್ಸೂಚಿಯ ದೋಷದ ಬಗ್ಗೆ ಒಂದು ಮಾತೂ ಇರಲಿಲ್ಲ.

ಒಬ್ಬನ ಆಟಿಕೆ ಕಳೆದುಹೋದದ್ದನ್ನು ಪತ್ರಿಕೆಯ ಪುಟದಲ್ಲಿ ಚರ್ಚಿಸಬೇಕೇ ಎಂಬ ಪ್ರಶ್ನೆ ಸಹಜ. ಆದರೆ ಈ ಪುಟ್ಟ ಪ್ರಕರಣದೊಳಗೆ ದೊಡ್ಡ ಪ್ರಶ್ನೆಯೊಂದು ಅಡಗಿದೆ. ಕೆಟ್ಟ ವಸ್ತು ಗ್ರಾಹಕನ ಕೈಯಲ್ಲೇ ಇರುತ್ತದೆ ಎಂಬ ನಂಬಿಕೆಯ ಮೇಲೆ ನಮ್ಮ ವಾರಂಟಿ ವ್ಯವಸ್ಥೆ ನಿಂತಿದೆ. ಮಿಕ್ಸರ್ ಕೆಟ್ಟರೆ ಅಂಗಡಿಗೆ ಒಯ್ಯುತ್ತೇವೆ, ಪಂಪ್‌ಸೆಟ್ ಸುಟ್ಟರೆ ಬಿಚ್ಚಿ ತೋರಿಸುತ್ತೇವೆ. ಡ್ರೋನ್ ಹಾಗಲ್ಲ. ಅದು ಕೆಟ್ಟಾಗ ತನ್ನ ದೋಷದ ಸಾಕ್ಷ್ಯವನ್ನೂ ಹೊತ್ತುಕೊಂಡು ಹೋಗುತ್ತದೆ. ದೋಷ ಎಷ್ಟು ಗಂಭೀರವೋ ಸಾಧನ ಮರಳಿ ಸಿಗುವ ಸಾಧ್ಯತೆ ಅಷ್ಟು ಕಡಿಮೆ. ಅಂದರೆ ಸಣ್ಣ ದೋಷಕ್ಕೆ ಪರಿಹಾರವುಂಟು, ದೊಡ್ಡ ದೋಷಕ್ಕೆ ಇಲ್ಲ! ಇಂಥ ವಾರಂಟಿಯನ್ನು ವಾರಂಟಿ ಎಂದು ಕರೆಯಬಹುದೇ?

ತಾಂತ್ರಿಕವಾಗಿ ನೋಡಿದರೆ, ಡ್ರೋನ್ ಕೈತಪ್ಪಿಹೋಗಲು ಹಲವು ಕಾರಣಗಳಿರುತ್ತವೆ. ನಾಲ್ಕು ರೆಕ್ಕೆಚಕ್ರಗಳ ಡ್ರೋನಿನಲ್ಲಿ ಒಂದು ಮೋಟಾರು ನಿಂತರೂ ಸಮತೋಲ ತಪ್ಪಿ ಅದು ಸುತ್ತುತ್ತ ನೆಲಕ್ಕೆ ಬೀಳುತ್ತದೆ. ಉಪಗ್ರಹಗಳ ಸಂಕೇತ ಮತ್ತು ದಿಕ್ಸೂಚಿ ಪರಸ್ಪರ ಹೊಂದಿಕೆಯಾಗದಿದ್ದರೆ ತಾನು ಯಾವ ದಿಕ್ಕಿಗೆ ಮುಖಮಾಡಿದೆ ಎಂಬುದೇ ಯಂತ್ರಕ್ಕೆ ತಿಳಿಯದೆ, ಸರಿಪಡಿಸಿಕೊಳ್ಳಲು ಹೋಗಿ ಮತ್ತಷ್ಟು ದೂರ ಸಾಗುತ್ತದೆ. ಪೂರ್ಣ ತುಂಬಿದಾಗ 4.2 ವೋಲ್ಟ್ ಇರುವ ಲಿಥಿಯಂ ಕೋಶವೊಂದು ಒಳಗೇ ದುರ್ಬಲವಾಗಿದ್ದರೆ, ಭಾರ ಬಿದ್ದಾಗ ಅದರ ವೋಲ್ಟೇಜು ಹಠಾತ್ತನೆ ಕುಸಿಯುತ್ತದೆ. ಇವೆಲ್ಲ ತಯಾರಿಕೆಯ ದೋಷಗಳಾಗಬಹುದು. ಹಾರಿಸುವವನ ಅಜಾಗರೂಕತೆಯಿಂದಲೂ ಅಪಘಾತಗಳು ಸಂಭವಿಸುತ್ತವೆ ಎಂಬುದು ನಿಜ. ವಿದ್ಯುತ್ ತಂತಿಗೆ ಡಿಕ್ಕಿ ಹೊಡೆಸಿ, ಗಾಳಿಯ ರಭಸವನ್ನು ಲೆಕ್ಕಿಸದೆ ಹಾರಿಸಿ, ನಂತರ ಕಂಪನಿಯನ್ನು ದೂರುವವರಿಲ್ಲದಿಲ್ಲ. ಪ್ರತಿಯೊಬ್ಬನ ಮಾತನ್ನೂ ನಂಬಿ ಹೊಸ ಡ್ರೋನ್ ಕೊಡುತ್ತ ಹೋದರೆ ವ್ಯಾಪಾರ ನಡೆಯದು ಎಂಬ ತಯಾರಕರ ವಾದದಲ್ಲಿ ಹುರುಳಿದೆ.

ಆದರೆ ಯಾರ ತಪ್ಪು ಎಂಬುದನ್ನು ತಿಳಿಯುವ ದಾರಿಯೇ ಇಲ್ಲವೆನ್ನುವಂತಿಲ್ಲ. ಹಾರಾಟದ ದಾಖಲೆ ಇರುವುದೇ ಅದಕ್ಕಾಗಿ. ಕ್ಷಣಕ್ಷಣದ ಸ್ಥಳ, ಎತ್ತರ, ಕಾಣಿಸಿದ ಉಪಗ್ರಹಗಳ ಸಂಖ್ಯೆ, ಬ್ಯಾಟರಿಯ ವೋಲ್ಟೇಜು, ಹಾರಿಸುವವನು ಕೊಟ್ಟ ಆದೇಶ, ಯಂತ್ರ ಅದಕ್ಕೆ ನೀಡಿದ ಪ್ರತಿಕ್ರಿಯೆ ಇವೆಲ್ಲ ಅಲ್ಲಿ ನಮೂದಾಗುತ್ತವೆ. ಇದರ ಒಂದು ಪ್ರತಿ ಸಾಮಾನ್ಯವಾಗಿ ಫೋನಿನಲ್ಲೂ ಉಳಿಯುತ್ತದೆ. ಎಡಕ್ಕೆ ತಿರುಗೆಂದು ಆದೇಶ ಬಂದಾಗ ಬಲಕ್ಕೆ ತಿರುಗಿದ್ದರೆ ಅದು ದಾಖಲೆಯಲ್ಲಿ ಎದ್ದು ಕಾಣುತ್ತದೆ. ಸಮಸ್ಯೆಯೆಂದರೆ, ಅನೇಕ ಮಾದರಿಗಳಲ್ಲಿ ಈ ದಾಖಲೆ ಗೂಢಲಿಪಿಯಲ್ಲಿರುತ್ತದೆ. ಅದನ್ನು ಪೂರ್ಣವಾಗಿ ಓದಬಲ್ಲವರು ತಯಾರಕರು ಮಾತ್ರ. ಪ್ರತಿವಾದಿಯೇ ಸಾಕ್ಷ್ಯದ ಪಾಲಕ, ಅವನೇ ತಜ್ಞ, ಅವನೇ ತೀರ್ಪುಗಾರ. ವಿಮಾನವೊಂದು ಅಪಘಾತಕ್ಕೀಡಾದರೆ ಅದರ ಕಪ್ಪುಪೆಟ್ಟಿಗೆಯನ್ನು ತಯಾರಕರ ಕೈಗೊಪ್ಪಿಸಿ ತೀರ್ಮಾನಕ್ಕೆ ಕಾಯುವ ಪದ್ಧತಿ ನಮ್ಮಲ್ಲಿಲ್ಲ. 2012ರಲ್ಲಿ ಸ್ಥಾಪನೆಯಾದ ವಿಮಾನ ಅಪಘಾತ ತನಿಖಾ ಬ್ಯೂರೊ ಅದನ್ನು ಪರಿಶೀಲಿಸುತ್ತದೆ. ಹವ್ಯಾಸಿಯ ಡ್ರೋನಿಗೆ ಅಂಥ ತನಿಖಾ ಸಂಸ್ಥೆ ಬೇಕೆಂದು ಯಾರೂ ಕೇಳುತ್ತಿಲ್ಲ. ದಾಖಲೆಯನ್ನು ಮೂರನೆಯವರು ಓದುವಂತಿರಬೇಕೆಂಬ ಅದೇ ನ್ಯಾಯತತ್ವ ಇಲ್ಲಿಯೂ ಅನ್ವಯವಾಗಬೇಕೆಂಬುದಷ್ಟೇ ಬೇಡಿಕೆ.

ಉಷ್ಣತೆಯ ಷರತ್ತನ್ನೂ ಇದೇ ಹಿನ್ನೆಲೆಯಲ್ಲಿ ನೋಡಬೇಕು. ಹವ್ಯಾಸಿ ಡ್ರೋನುಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ 0ಯಿಂದ 40 ಡಿಗ್ರಿ ಸೆಲ್ಸಿಯಸ್. ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಅಪರೂಪವೇನಲ್ಲ. ಬಿಸಿಗಾಳಿ ತೆಳುವಾಗಿರುವುದರಿಂದ ಮೋಟಾರುಗಳು ಹೆಚ್ಚು ದುಡಿಯಬೇಕಾಗುತ್ತದೆ, ಬ್ಯಾಟರಿ ಬೇಗ ಕಾಯುತ್ತದೆ ಎಂಬ ತಾಂತ್ರಿಕ ಕಾರಣವನ್ನು ಅಲ್ಲಗಳೆಯಲಾಗದು. ಆದರೆ ಬೇರೊಂದು ಹವಾಮಾನಕ್ಕೆ ರೂಪಿಸಿದ ಯಂತ್ರವನ್ನು ಇಲ್ಲಿ ಮಾರುವಾಗ ಆ ಮಿತಿಯನ್ನು ಕೊಳ್ಳುವವನ ಕಣ್ಣಿಗೆ ಬೀಳುವಂತೆ ಹೇಳುವ ಹೊಣೆ ಮಾರುವವನದಲ್ಲವೇ? ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಕೈಪಿಡಿಯ ಕೊನೆಯ ಪುಟಗಳಲ್ಲಿ ಮುದ್ರಿಸಿದ ಷರತ್ತು, ಹಣ ಪಡೆಯುವಾಗ ಮೌನವಾಗಿದ್ದು ಪರಿಹಾರ ಕೇಳಿದಾಗ ಮಾತ್ರ ಮಾತನಾಡುತ್ತದೆ. ನಿಗದಿತ ಉಷ್ಣತೆಯಲ್ಲಿ ಮಾತ್ರ ಹಾರಬಲ್ಲ ಯಂತ್ರ, ಮಿತಿ ಮೀರಿದಾಗ ತಾನಾಗಿ ಹಾರಲು ನಿರಾಕರಿಸುವಂತೆ ತಂತ್ರಾಂಶ ಅಳವಡಿಸುವುದೂ ಕಷ್ಟವೇನಲ್ಲ.

ಇನ್ನು ಕಾನೂನಿನ ವಿಷಯ. 1986ರ ಗ್ರಾಹಕ ರಕ್ಷಣಾ ಕಾಯ್ದೆಯ ಜಾಗದಲ್ಲಿ ಬಂದ 2019ರ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಹಳ್ಳಿಯ ಗ್ರಾಹಕನಿಗೆ ಇದು ಕೊಟ್ಟಿರುವ ಅನುಕೂಲಗಳು ಕಡಿಮೆಯೇನಲ್ಲ. ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ವಸ್ತುವಿಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. 50 ಲಕ್ಷ ರೂಪಾಯಿಯವರೆಗಿನ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ವಿಡಿಯೊ ಮೂಲಕ ವಿಚಾರಣೆಗೂ ಅವಕಾಶವಿದೆ. ಸುರಪುರ, ಶಹಾಪುರಗಳನ್ನು ದಾಟಿ ಯಾದಗಿರಿಗೆ ಹೋಗಿಬರಲು ಒಂದು ದಿನದ ಕೂಲಿ ಕಳೆದುಕೊಳ್ಳುವವರಿಗೆ ಇದು ಸಣ್ಣ ಸೌಕರ್ಯವಲ್ಲ.

ಆದರೆ ಇದೇ ಕಾಯ್ದೆಯೊಳಗೆ ಡ್ರೋನ್ ಕಳೆದುಕೊಂಡವನಿಗೆ ಮೂರು ತೊಡಕುಗಳಿವೆ. ಮೊದಲನೆಯದು ಪರೀಕ್ಷೆಯದು. ವಸ್ತುವಿನ ದೋಷವನ್ನು ಪರೀಕ್ಷೆಯಿಂದಲೇ ತಿಳಿಯಬೇಕಾದಾಗ ಅದರ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕೆಂದು 38ನೇ ಕಲಂ ಹೇಳುತ್ತದೆ. ಕಳುಹಿಸಲು ವಸ್ತುವೇ ಇಲ್ಲದಿದ್ದರೆ ಏನು ಮಾಡಬೇಕೆಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಎರಡನೆಯದು ಉತ್ಪನ್ನ ಹೊಣೆಗಾರಿಕೆಯದು. 2019ರ ಕಾಯ್ದೆಯ ಬಹುದೊಡ್ಡ ಹೆಜ್ಜೆಯೆಂದು ಬಣ್ಣಿಸಲಾದ ಈ ಅಧ್ಯಾಯದ ಪ್ರಕಾರ, ದೋಷಯುಕ್ತ ಉತ್ಪನ್ನದಿಂದ ಹಾನಿಯಾದರೆ ತಯಾರಕ ಪರಿಹಾರ ಕೊಡಬೇಕು. ಆದರೆ 'ಹಾನಿ' ಎಂಬ ಪದದ ವ್ಯಾಖ್ಯೆಯಿಂದ ಉತ್ಪನ್ನಕ್ಕೇ ಆದ ನಷ್ಟವನ್ನು ಹೊರಗಿಡಲಾಗಿದೆ. ಕೆಟ್ಟ ಡ್ರೋನ್ ನೆರೆಮನೆಯ ತಗಡಿನ ಮೇಲೆ ಬಿದ್ದು ತಗಡು ತೂತಾದರೆ ಅದು ಹಾನಿ. ಡ್ರೋನ್ ಪುಡಿಯಾದರೆ ಆ ಅಧ್ಯಾಯದ ಮಟ್ಟಿಗೆ ಅದು ಹಾನಿಯಲ್ಲ. ಅದಕ್ಕೆ ದೋಷಯುಕ್ತ ವಸ್ತುವಿನ ಸಾಮಾನ್ಯ ದೂರಿನ ಹಾದಿಯನ್ನೇ ಹಿಡಿಯಬೇಕು. ಅಲ್ಲಿ ಮತ್ತೆ ಪರೀಕ್ಷೆಯ ಪ್ರಶ್ನೆ ಎದುರಾಗುತ್ತದೆ.

ಮೂರನೆಯದು ಅನ್ಯಾಯದ ಒಪ್ಪಂದದ ಪ್ರಶ್ನೆ. ಗ್ರಾಹಕನಿಗೆ ಪ್ರತಿಕೂಲವಾದ, ವಿವೇಚನಾರಹಿತ ಷರತ್ತುಗಳನ್ನು ಹೇರುವ ಒಪ್ಪಂದಗಳನ್ನು ಪ್ರಶ್ನಿಸುವ ಹಕ್ಕನ್ನು 2019ರ ಕಾಯ್ದೆ ನೀಡಿದೆ. ಕಳೆದುಹೋದ ವಸ್ತುವನ್ನೇ ತಂದೊಪ್ಪಿಸಬೇಕೆಂಬ ಷರತ್ತು ವಿವೇಚನಾರಹಿತವೆಂದು ವಾದಿಸಲು ಅವಕಾಶವಿದೆ. ಆದರೆ ಈ ವಾದವನ್ನು ಕೇಳುವ ಅಧಿಕಾರ ಜಿಲ್ಲಾ ಆಯೋಗಕ್ಕಿಲ್ಲ. ಅದು ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ ಮಾತ್ರ ಸೇರಿದೆ. ಕೆಲವೇ ಸಾವಿರ ರೂಪಾಯಿಯ ಸಾಧನಕ್ಕಾಗಿ ರಾಜ್ಯ ಆಯೋಗದ ಮೆಟ್ಟಿಲು ಹತ್ತುವ ಗ್ರಾಹಕ ಎಷ್ಟು ಜನರ ನಡುವೆ ಒಬ್ಬ ಸಿಕ್ಕಾನು? ಮನೆಬಾಗಿಲಿಗೆ ನ್ಯಾಯ ತಂದ ಕಾಯ್ದೆ ಅದರ ಹರಿತವಾದ ಅಸ್ತ್ರವನ್ನು ಮಾತ್ರ ರಾಜಧಾನಿಯಲ್ಲಿ ಉಳಿಸಿಕೊಂಡಿದೆ.

ನ್ಯಾಯಾಲಯಗಳ ನಿಲುವು ಇಲ್ಲಿ ಒಂದೇ ದಿಕ್ಕಿನದಲ್ಲ. ವಾರಂಟಿಯ ಷರತ್ತು ದೋಷಯುಕ್ತ ಭಾಗವನ್ನು ಬದಲಿಸುವುದಕ್ಕೆ ಸೀಮಿತವಾಗಿದ್ದರೆ ಇಡೀ ವಾಹನವನ್ನೇ ಬದಲಿಸಿಕೊಡೆಂದು ಹೇಳಲಾಗದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಹೇಳಿತು. ಸೇವೆಯ ಕೊರತೆಯನ್ನು ಸಾಬೀತುಪಡಿಸುವ ಹೊಣೆ ದೂರುದಾರನ ಮೇಲಿದೆ ಎಂದು 2021ರಲ್ಲಿ ಎಸ್‌ಜಿಎಸ್ ಇಂಡಿಯಾ ಪ್ರಕರಣದಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಆದರೆ 2022ರ ಏಪ್ರಿಲ್‌ನಲ್ಲಿ ಹ್ಯುಂಡೈ ಪ್ರಕರಣದಲ್ಲಿ ಬಂದ ತೀರ್ಪು ಗಮನಾರ್ಹ. ಅಪಘಾತದ ವೇಳೆ ಕಾರಿನ ಗಾಳಿಚೀಲಗಳು ತೆರೆದುಕೊಳ್ಳಲಿಲ್ಲ ಎಂಬುದು ಅಲ್ಲಿನ ದೂರು. ಡಿಕ್ಕಿಯ ರಭಸ ಸಾಲದಾಗಿತ್ತು ಎಂಬುದು ಕಂಪನಿಯ ಸಮರ್ಥನೆ. ವೇಗ ಮತ್ತು ಬಲದ ಸಿದ್ಧಾಂತಗಳನ್ನು ಲೆಕ್ಕ ಹಾಕಲು ಗ್ರಾಹಕ ಭೌತವಿಜ್ಞಾನದ ಪರಿಣತನಾಗಿರಬೇಕಿಲ್ಲ, ಮುಂಭಾಗಕ್ಕೆ ಡಿಕ್ಕಿಯಾದಾಗ ಗಾಳಿಚೀಲ ತೆರೆದುಕೊಳ್ಳುತ್ತದೆ ಎಂದು ನಂಬುವುದು ಅವನಿಗೆ ಸಹಜ ಎಂಬ ಅರ್ಥದಲ್ಲಿ ನ್ಯಾಯಾಲಯ ಹೇಳಿ, ಗ್ರಾಹಕನ ಪರವಾಗಿ ಬಂದಿದ್ದ ಆದೇಶವನ್ನು ಎತ್ತಿಹಿಡಿಯಿತು.

ಈ ತರ್ಕವನ್ನು ಡ್ರೋನಿಗೆ ಅನ್ವಯಿಸಿ ನೋಡೋಣ. 'ಮನೆಗೆ ಮರಳು' ಎಂಬ ಗುಂಡಿಯಿರುವ ಯಂತ್ರವನ್ನು ಕೊಂಡವನು ಅದನ್ನು ಒತ್ತಿದಾಗ ಯಂತ್ರ ಮರಳುತ್ತದೆಂದು ನಂಬುವುದು ಸಹಜ. ಮರಳದೆ ಹೋದಾಗ ಏಕೆ ಮರಳಲಿಲ್ಲವೆಂಬುದನ್ನು ವಿವರಿಸುವ ಹೊಣೆ ಆ ಗುಂಡಿಯನ್ನು ಜಾಹೀರಾತಿನಲ್ಲಿ ತೋರಿಸಿ ಮಾರಿದವನ ಮೇಲಿರಬೇಕು. ಹವ್ಯಾಸಿಯು ದಾಖಲೆಯನ್ನು ಕೈಗೊಪ್ಪಿಸಿದ ಮೇಲೂ ಹೊಣೆ ಅವನ ಮೇಲೆಯೇ ಉಳಿಯುವುದು ಆ ತೀರ್ಪಿನ ಆಶಯಕ್ಕೆ ಹೊಂದುವುದಿಲ್ಲ.

ಸರ್ಕಾರದ ನೀತಿಯೂ ಈ ಸಂಕಟಕ್ಕೆ ತನ್ನ ಪಾಲನ್ನು ಸೇರಿಸಿದೆ. 2021ರ ಆಗಸ್ಟ್‌ನಲ್ಲಿ ಹೊರಬಂದ ಡ್ರೋನ್ ನಿಯಮಗಳು ಅದಕ್ಕೂ ಮೊದಲಿದ್ದ ಪರವಾನಗಿಗಳ ಗೋಜಲನ್ನು ಬಹಳಷ್ಟು ಸಡಿಲಿಸಿದವು. 250 ಗ್ರಾಂ ಮೀರದ ಡ್ರೋನುಗಳನ್ನು ನ್ಯಾನೊ ಎಂದು ವಿಂಗಡಿಸಿ, ಅವುಗಳಿಗೆ ಮಾದರಿ ಪ್ರಮಾಣಪತ್ರದ ಅಗತ್ಯವಿಲ್ಲವೆಂದವು. ಹವ್ಯಾಸಿಗೆ ಇದು ಸ್ವಾತಂತ್ರ್ಯ ನಿಜ. ಆದರೆ ಗುಣಮಟ್ಟವನ್ನು ಮುಂಚಿತವಾಗಿ ಯಾರೂ ಪರೀಕ್ಷಿಸಿರುವುದಿಲ್ಲ ಎಂಬುದೂ ಅದರ ಅರ್ಥ. ಮುಂದೆ 2022ರ ಫೆಬ್ರುವರಿ 9ರಂದು ವಿದೇಶಿ ಡ್ರೋನುಗಳ ಆಮದನ್ನು ನಿಷೇಧಿಸಲಾಯಿತು; ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳಿಗಷ್ಟೇ ವಿನಾಯಿತಿ ಸಿಕ್ಕಿತು. ಬಿಡಿಭಾಗಗಳ ಆಮದಿಗೆ ಅಡ್ಡಿಯಿಲ್ಲ. ದೇಶೀ ಉದ್ಯಮವನ್ನು ಬೆಳೆಸುವ ಉದ್ದೇಶ ಸರಿಯೇ. ಆದರೆ ವಿದೇಶದಲ್ಲಿರುವ ನೆಂಟರ ಕೈಯಿಂದಲೋ ಹಳೆಯ ದಾಸ್ತಾನಿನಿಂದಲೋ ಡ್ರೋನ್ ಪಡೆದವರ ವಾರಂಟಿ ಈ ನಿಷೇಧದೊಂದಿಗೆ ಬಹುಮಟ್ಟಿಗೆ ಕಾಗದವಾಗಿ ಉಳಿಯಿತು. ಬದಲಿ ಯಂತ್ರ ಕಳುಹಿಸಲು ತಯಾರಕ ಒಪ್ಪಿದರೂ ಅದು ಬರುವ ದಾರಿ ಮುಚ್ಚಿದೆ.

ಇದು ಹವ್ಯಾಸಿಗಳ ಅಳಲಷ್ಟೇ ಎಂದು ತಳ್ಳಿಹಾಕುವುದು ದೂರದೃಷ್ಟಿಯಲ್ಲ. ಡ್ರೋನ್ ಈಗ ಹಳ್ಳಿಯ ಬದುಕಿನೊಳಗೆ ಕಾಲಿಟ್ಟಾಗಿದೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಡಿ ಗ್ರಾಮಗಳ ವಸತಿ ಪ್ರದೇಶವನ್ನು ಅಳೆದದ್ದು ಡ್ರೋನುಗಳೇ. 2023ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 1,261 ಕೋಟಿ ರೂಪಾಯಿ ವೆಚ್ಚದ ನಮೋ ಡ್ರೋನ್ ದೀದಿ ಯೋಜನೆಗೆ ಒಪ್ಪಿಗೆ ನೀಡಿತು. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಸಿಂಪಡಣೆಯ ಡ್ರೋನ್ ಒದಗಿಸುವುದು, ವೆಚ್ಚದ ಶೇ 80ರಷ್ಟನ್ನು 8 ಲಕ್ಷ ರೂಪಾಯಿಯ ಮಿತಿಯಲ್ಲಿ ಸಹಾಯಧನವಾಗಿ ಭರಿಸುವುದು ಅದರ ಉದ್ದೇಶವಾಗಿತ್ತು. ಉಳಿದ ಮೊತ್ತಕ್ಕೆ ಸಂಘಗಳು ಸಾಲ ಎತ್ತಬಹುದು.

ಈ ಯೋಜನೆಯ ಮಾರ್ಗಸೂಚಿಯಲ್ಲಿ ಒಂದು ಅಂಶ ವಿಶೇಷವಾಗಿ ಗಮನ ಸೆಳೆಯುತ್ತದೆ. ಡ್ರೋನಿನ ಜೊತೆಗೆ, ಇದ್ದ ಸ್ಥಳದಲ್ಲಿಯೇ ದುರಸ್ತಿ ಮಾಡಿಕೊಡುವ ಒಂದು ವರ್ಷದ ವಾರಂಟಿ, ಒಂದು ವರ್ಷದ ಸಮಗ್ರ ವಿಮೆ, ಎರಡು ವರ್ಷದ ನಿರ್ವಹಣಾ ಒಪ್ಪಂದ ಇರಬೇಕೆಂದು ಅದು ಹೇಳುತ್ತದೆ. ಅಂದರೆ ಸರ್ಕಾರ ತಾನು ಹಣ ಕೊಡುವಾಗ ಬೇಕಾದ ಷರತ್ತುಗಳನ್ನು ತಾನೇ ಬರೆದುಕೊಂಡಿದೆ. ಡ್ರೋನ್ ಹಾರಿಹೋಗಬಹುದು, ಹಳ್ಳಿಯಲ್ಲಿ ಸೇವಾ ಕೇಂದ್ರವಿರುವುದಿಲ್ಲ, ವಿಮೆಯಿಲ್ಲದೆ ಬಡವರು ಈ ನಷ್ಟವನ್ನು ತಾಳಲಾರರು ಎಂಬುದೆಲ್ಲ ಅದಕ್ಕೆ ತಿಳಿದಿದೆ. ತಿಳಿದೂ ಸ್ವಂತ ದುಡ್ಡಿನಲ್ಲಿ ಕೊಳ್ಳುವ ಸಾಮಾನ್ಯನ ಪಾಲಿಗೆ ಅಂಥ ಕನಿಷ್ಠ ರಕ್ಷಣೆಯನ್ನು ಅದು ನಿಯಮವಾಗಿಸಿಲ್ಲ. ಬಲಶಾಲಿ ಗ್ರಾಹಕ ತನ್ನ ವಾರಂಟಿಯನ್ನು ತಾನೇ ಬರೆಯುತ್ತಾನೆ; ದುರ್ಬಲ ಗ್ರಾಹಕ ಬರೆದುಕೊಟ್ಟದ್ದಕ್ಕೆ ಸಹಿ ಹಾಕುತ್ತಾನೆ. ಯೋಜನೆಯ ವಿಮೆಯ ಮೊದಲ ವರ್ಷ ಮುಗಿದ ಮೇಲೆ ಆ ಮಹಿಳೆಯರೂ ಇದೇ ಸಾಲಿಗೆ ಬಂದು ನಿಲ್ಲಬೇಕಾಗುತ್ತದೆ. ಆಗ ಕಳೆದುಹೋಗುವುದು ಆಟಿಕೆಯಲ್ಲ, ಸಾಲದ ಕಂತು ಕಟ್ಟುವ ಜೀವನೋಪಾಯ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಹಾರಾಟದ ದಾಖಲೆ ಗ್ರಾಹಕನ ಸ್ವತ್ತೆಂದು ಘೋಷಿಸಿ, ಅದನ್ನು ಯಾರು ಬೇಕಾದರೂ ಓದಬಲ್ಲ ರೂಪದಲ್ಲಿ ಒದಗಿಸುವುದನ್ನು ಮಾರಾಟದ ಷರತ್ತಾಗಿಸಬೇಕು. ಎರಡನೆಯದಾಗಿ, ದಾಖಲೆಯಲ್ಲಿ ಹಾರಿಸಿದವನ ತಪ್ಪು ಕಾಣದಿದ್ದರೆ ತಯಾರಿಕೆಯ ದೋಷವಿದೆಯೆಂದೇ ಭಾವಿಸಿ, ಇಲ್ಲವೆಂದು ತೋರಿಸುವ ಹೊಣೆಯನ್ನು ತಯಾರಕನಿಗೆ ವರ್ಗಾಯಿಸಬೇಕು. ಸುಳ್ಳು ದೂರಿನ ಭಯವಿರುವ ತಯಾರಕನಿಗೂ ಇದರಿಂದ ರಕ್ಷಣೆಯುಂಟು, ಏಕೆಂದರೆ ಅಜಾಗರೂಕತೆಯೂ ಅದೇ ದಾಖಲೆಯಲ್ಲಿ ಬಯಲಾಗುತ್ತದೆ. ಮೂರನೆಯದಾಗಿ, ಉಷ್ಣತೆಯಂಥ ಷರತ್ತುಗಳನ್ನು ಖರೀದಿಗೆ ಮುನ್ನವೇ ಆಯಾ ರಾಜ್ಯದ ಭಾಷೆಯಲ್ಲಿ ತೋರಿಸಬೇಕು. ನಾಲ್ಕನೆಯದಾಗಿ, ಸಣ್ಣ ಮೊತ್ತದ ಅನ್ಯಾಯದ ಒಪ್ಪಂದಗಳನ್ನು ವಿಚಾರಿಸುವ ಅಧಿಕಾರವನ್ನು ಜಿಲ್ಲಾ ಆಯೋಗಗಳಿಗೆ ಕೊಡಬೇಕು. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಕೇಂದ್ರ ಸರ್ಕಾರ ಆರಂಭಿಸಿದ 'ದುರಸ್ತಿಯ ಹಕ್ಕು' ತಾಣ ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯಗಳನ್ನು ಗುರುತಿಸಿತ್ತು. ಆ ಸಾಲಿನಲ್ಲಿ ಡ್ರೋನಿಗೂ ಪ್ರತ್ಯೇಕ ಸ್ಥಾನ ದೊರೆಯಬೇಕು.

ಕಾನೂನು ಬದಲಾಗುವವರೆಗೆ ಗ್ರಾಹಕ ಕೈಕಟ್ಟಿ ಕೂರಬೇಕಿಲ್ಲ. ಬಿಲ್ಲು, ಡ್ರೋನಿನ ಕ್ರಮಸಂಖ್ಯೆ, ಖರೀದಿಯ ವೇಳೆ ಕಂಡ ಜಾಹೀರಾತಿನ ಚಿತ್ರ ಇವನ್ನು ಜೋಪಾನವಾಗಿಡಬೇಕು. ಡ್ರೋನ್ ಕಳೆದುಹೋದ ದಿನವೇ ಫೋನಿನಲ್ಲಿರುವ ದಾಖಲೆಯನ್ನು ಬೇರೆಡೆ ನಕಲು ಮಾಡಿಕೊಳ್ಳಬೇಕು. ಆ್ಯಪ್ ಅಳಿಸಿದರೆ ದಾಖಲೆಯೂ ಅಳಿಯಬಹುದು. ಪೊಲೀಸ್ ಠಾಣೆಗೆ ಲಿಖಿತ ಮಾಹಿತಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಕಂಪನಿಯೊಡನೆ ಫೋನಿನಲ್ಲಿ ಮಾತನಾಡುವುದಕ್ಕಿಂತ ಬರಹದಲ್ಲಿ ವ್ಯವಹರಿಸುವುದು ಲೇಸು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ತಾಣದ ಮೂಲಕ ದೂರು ಸಲ್ಲಿಸಬಹುದು. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಇದೆಲ್ಲ ಆಗಬೇಕು.

ನಾನೂ ದೂರು ಸಲ್ಲಿಸಲು ಸಿದ್ಧನಾಗಿದ್ದೇನೆ. ಗೆಲ್ಲುತ್ತೇನೆಂಬ ಭರವಸೆ ಹೆಚ್ಚಿಲ್ಲ. ಡ್ರೋನಂತೂ ಮರಳಿ ಬರುವುದಿಲ್ಲ. ಆದರೆ ದಿಕ್ಸೂಚಿಯ ದೋಷವೆಂದು ತನ್ನ ಯಂತ್ರವೇ ಪರದೆಯ ಮೇಲೆ ಒಪ್ಪಿಕೊಂಡದ್ದನ್ನು ಕಂಪನಿ ಏಕೆ ಒಪ್ಪಿಕೊಳ್ಳಲಿಲ್ಲ ಎಂಬ ಪ್ರಶ್ನೆಗೆ ಯಾರಾದರೂ ಸಹಿ ಹಾಕಿದ ಉತ್ತರವೊಂದು ಸಿಗಬೇಕಾಗಿದೆ. ವಾರಂಟಿ ಎಂಬುದು ಮಾರುವವನು ಕೊಡುವ ಮಾತು. ಆ ಮಾತು ಮಹಾನಗರದ ತಂಪಿನಲ್ಲಿ ಎಷ್ಟು ನಿಜವೋ ಕೊಡೇಕಲ್‌ನ ಬಿಸಿಲಿನಲ್ಲಿಯೂ ಅಷ್ಟೇ ನಿಜವಾಗಿರಬೇಕು. ಅದಾಗದಿದ್ದರೆ ಆ ಮಾತಿಗೆ ಬೆಲೆ ಕಟ್ಟಿ ಗ್ರಾಹಕನಿಂದ ವಸೂಲು ಮಾಡುವುದನ್ನಾದರೂ ನಿಲ್ಲಿಸಬೇಕು.